ಆಪರೇಷನ್ ಆದ ಮೇಲೆ ಗಂಜಿ ಬೇಡ

(ಮಾಟುಂಗಾದಲ್ಲಿ ಮುಂಬೈ ಕನ್ನಡಿಗರ ಒಂದು ಆರೋಗ್ಯ ಕೂಟದಲ್ಲಿ ಪ್ಲಾಸ್ಟಿಕ್ ಸರ್ಜರಿ ವಾರ್ಡಿನ ಸಿಸ್ಟರ್ ಒಬ್ಬರು ಆಡಿದ ಮಾತು, ಬರಹ ರೂಪದಲ್ಲಿ.)

ತೂಕ ಇಳಿಸುವುದು ಹೇಗೆ ಅಂತ ನಾನು ಇವತ್ತು ಹೇಳುವುದಿಲ್ಲ. ಅದನ್ನು ಹೇಳುವವರು ಈಗ ಪ್ರತಿ ಬಿಲ್ಡಿಂಗಿನಲ್ಲೂ ನಾಲ್ಕು ಜನ ಇದ್ದಾರೆ. ನನ್ನ ಮಾತು ತೂಕ ಇಳಿದ ಮೇಲಿನದು. ನಲವತ್ತು, ಐವತ್ತು ಕಿಲೋ ಇಳಿಸಿಕೊಂಡವರನ್ನು ನೀವು ನೋಡಿರುತ್ತೀರಿ. ಬಟ್ಟೆ ಹಾಕಿಕೊಂಡಾಗ ಚೆಂದ ಕಾಣುತ್ತಾರೆ. ಬಟ್ಟೆಯೊಳಗೆ ಹೊಟ್ಟೆಯ ಚರ್ಮ ತೊಡೆಯವರೆಗೂ ಜೋತುಬಿದ್ದಿರುತ್ತದೆ. ತೋಳು, ತೊಡೆ, ಎದೆ, ಎಲ್ಲ ಕಡೆ ಹಾಗೇ. ವರ್ಷಗಟ್ಟಲೆ ಹಿಗ್ಗಿದ ಚರ್ಮದೊಳಗಿನ ಎಳೆಗಳು ತುಂಡಾಗಿರುತ್ತವೆ. ಅದು ಮತ್ತೆ ಕುಗ್ಗುವುದಿಲ್ಲ. ಜಿಮ್‌ಗೆ ಹೋದರೆ ಸ್ನಾಯು ಗಟ್ಟಿಯಾಗುತ್ತದೆ, ಚರ್ಮ ಅಲ್ಲ. ಎಣ್ಣೆ ತಿಕ್ಕಿದರೂ ಅಷ್ಟೆ.

ಆ ಜೋತುಬಿದ್ದ ಚರ್ಮವನ್ನು ಕತ್ತರಿಸಿ ತೆಗೆಯುವ ಆಪರೇಷನ್ ಇದೆ, ನನ್ನ ಮಾತು ಅದರದು. ಅದನ್ನು ಶೋಕಿ ಅಂತ ಮೊದಲು ಹೇಳುವವರು ಮನೆಯವರೇ. ನಮ್ಮ ಜುಲೈ ತಿಂಗಳು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಒಗೆದ ಬಟ್ಟೆ ನಾಲ್ಕು ದಿನ ಒಣಗುವುದಿಲ್ಲ. ಆ ಮಡಿಕೆಯೊಳಗಿನ ಚರ್ಮ ಹೇಗೆ ಒಣಗೀತು? ಬೆವರು, ಕಜ್ಜಿ, ವಾಸನೆ, ಹುಣ್ಣು. ಲೋಕಲ್ ಟ್ರೇನಿನಲ್ಲಿ ಪಕ್ಕದವರಿಗೆ ವಾಸನೆ ಬಂದೀತು ಅಂತ ಬಾಗಿಲಿನ ಹತ್ತಿರವೇ ನಿಲ್ಲುವ ಹೆಂಗಸರನ್ನು ನಾನು ಕಂಡಿದ್ದೇನೆ. ಅವರ ಮುಂದೆ ಶೋಕಿ ಅನ್ನುವ ಮಾತು ಎತ್ತಬೇಡಿ.

ಆಪರೇಷನ್ ಬಗ್ಗೆ ಎರಡೇ ಮಾತು. ಹೊಟ್ಟೆಯದಾದರೆ ಒಂದು ಕಡೆಯ ಸೊಂಟದಿಂದ ಇನ್ನೊಂದು ಕಡೆಯ ಸೊಂಟದವರೆಗೆ ಹೊಲಿಗೆ ಬರುತ್ತದೆ. ಕೆಲವರಿಗೆ ಸೊಂಟದ ಸುತ್ತಲೂ, ಬೆನ್ನಿನ ಕಡೆಯೂ ಹಾಕುತ್ತಾರೆ. ತೋಳಿನದು ಕಂಕುಳಿನಿಂದ ಮೊಣಕೈವರೆಗೆ. ಬೇರೆ ಆಪರೇಷನ್‌ಗಳಲ್ಲಿ ನೀವು ನೋಡುವುದು ಗೇಣುದ್ದದ ಗಾಯ. ಇದು ಹಾಗಲ್ಲ, ಮೊಳಗಟ್ಟಲೆ ಗಾಯ. ಆಸ್ಪತ್ರೆಯಲ್ಲಿ ಎರಡು ಮೂರು ದಿನ ಇಟ್ಟುಕೊಂಡು ಮನೆಗೆ ಕಳಿಸುತ್ತೇವೆ. ಆಮೇಲೆ ಅದು ಮಾಯುವುದೆಲ್ಲ ನಿಮ್ಮ ಮನೆಯಲ್ಲಿ. ಅದಕ್ಕೇ ನಾನು ಮಾತಾಡುವುದು ಆಪರೇಷನ್ ಮಾಡಿಸಿಕೊಳ್ಳುವವರ ಜೊತೆ ಕಡಿಮೆ, ಅವರಿಗೆ ಅಡುಗೆ ಮಾಡಿ ಹಾಕುವವರ ಜೊತೆ ಜಾಸ್ತಿ.

ಒಂದು ವಿಷಯ ಮೊದಲೇ ತಿಳಿದುಕೊಳ್ಳಿ. ಇಷ್ಟು ತೂಕ ಇಳಿಸಿದವರ ಮೈಯಲ್ಲಿ ದಾಸ್ತಾನು ಇರುವುದಿಲ್ಲ. ತೂಕ ಇಳಿಸಲು ಜಠರವನ್ನು ಸಣ್ಣ ಮಾಡುವ ಆಪರೇಷನ್ ಆಗಿದ್ದರೆ ಅವರು ಒಂದು ಸಲಕ್ಕೆ ತಿನ್ನುವುದೇ ಅರ್ಧ ಬಟ್ಟಲು. ಊಟ ಕರುಳಿನ ಒಂದು ಭಾಗ ತಪ್ಪಿಸಿ ಹೋಗುವ ಹಾಗೆ ಬೈಪಾಸ್ ಮಾಡಿದ್ದರೆ ತಿಂದದ್ದರಲ್ಲಿ ಕಬ್ಬಿಣಾಂಶ, ಬಿ12, ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ. ಇಂಜೆಕ್ಷನ್ ತೆಗೆದುಕೊಂಡು ಇಳಿಸಿದವರಿಗೆ ಹಸಿವೇ ಇರುವುದಿಲ್ಲ. ನೋಡುವವರು "ಎಷ್ಟು ಸ್ಲಿಮ್ ಆಗಿದ್ದೀರಿ" ಅನ್ನುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಒಂಬತ್ತು ಇರುತ್ತದೆ. ಅದಕ್ಕೇ ಒಳ್ಳೆಯ ಸರ್ಜನ್ ಅವಸರ ಮಾಡುವುದಿಲ್ಲ. ಸಾಮಾನ್ಯವಾಗಿ ತೂಕದ ಆಪರೇಷನ್ ಆಗಿ ವರ್ಷ, ಒಂದೂವರೆ ವರ್ಷ ಆಗಿರಬೇಕು. ಅದರಲ್ಲೂ ಕೊನೆಯ ಮೂರರಿಂದ ಆರು ತಿಂಗಳು ತೂಕ ಒಂದೇ ಕಡೆ ನಿಂತಿರಬೇಕು. ಹಿಮೋಗ್ಲೋಬಿನ್, ಫೆರಿಟಿನ್ ಅಂದರೆ ಮೈಯಲ್ಲಿನ ಕಬ್ಬಿಣದ ದಾಸ್ತಾನು, ಬಿ12, ವಿಟಮಿನ್ ಡಿ, ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್, ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ಸಕ್ಕರೆ, ಇಷ್ಟನ್ನೂ ನೋಡುತ್ತಾರೆ. ಕಡಿಮೆ ಇದ್ದರೆ ಡೇಟ್ ಮುಂದಕ್ಕೆ ಹಾಕುತ್ತಾರೆ. ಮುಹೂರ್ತ ತಪ್ಪಿತು ಅಂತ ಸರ್ಜನ್ ಹತ್ತಿರ ಜಗಳ ಮಾಡಬೇಡಿ.

ಈಗ ಗಂಜಿಗೆ ಬರುತ್ತೇನೆ.

ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಮೈ ಹುಷಾರಿಲ್ಲ ಅಂದರೆ ಗಂಜಿ. ಕುಚ್ಚಲಕ್ಕಿ ಗಂಜಿ, ಒಂದು ಚೂರು ಉಪ್ಪಿನಕಾಯಿ. ಜ್ವರಕ್ಕೆ ಬಹಳ ಒಳ್ಳೆಯದು, ನನಗೂ ಇಷ್ಟ. ಗಾಯಕ್ಕೆ ಅಲ್ಲ. ಗಾಯ ಕೂಡಬೇಕಾದರೆ ಹೊಸ ಮಾಂಸ ಹುಟ್ಟಬೇಕು. ಅದಕ್ಕೆ ಬೇಕಾದದ್ದು ಪ್ರೋಟೀನ್. ಒಂದು ಬಟ್ಟಲು ಗಂಜಿಯಲ್ಲಿ ಅದು ಎರಡು ಮೂರು ಗ್ರಾಂ ಸಿಕ್ಕರೆ ದೊಡ್ಡದು. ಜೊತೆಗೆ ಆ ಸಣ್ಣ ಹೊಟ್ಟೆ ಗಂಜಿ ನೀರಿನಲ್ಲೇ ತುಂಬಿಬಿಡುತ್ತದೆ. ಆಮೇಲೆ ಬೇರೇನೂ ಇಳಿಯುವುದಿಲ್ಲ.

ಗಂಜಿಗಿಂತ ದೊಡ್ಡ ತೊಂದರೆ ನಂಜು. ಹೊಲಿಗೆ ಇರುವಾಗ ಬಂಗುಡೆ ತಿನ್ನಬಾರದು, ನಂಜು. ಮೊಟ್ಟೆ ತಿನ್ನಬಾರದು, ಕೀವಾಗುತ್ತದೆ. ಬದನೆಕಾಯಿ ಬೇಡ, ಉದ್ದು ಬೇಡ, ಕೋಳಿ ಉಷ್ಣ. ಹೀಗೆ ಒಂದೊಂದೇ ತೆಗೆಯುತ್ತಾ ಹೋದರೆ ತಟ್ಟೆಯಲ್ಲಿ ಉಳಿಯುವುದು ಅನ್ನ ಮತ್ತು ತಿಳಿಸಾರು. ನಮ್ಮ ವಾರ್ಡಿಗೆ ಒಬ್ಬರು ಹೋಟೆಲ್ ಮಾಲೀಕರು ಎರಡನೇ ವಾರಕ್ಕೇ ವಾಪಸ್ ಬಂದರು. ಹೊಟ್ಟೆಯ ಗಾಯ ನಡುವಿನಲ್ಲಿ ಬಿಟ್ಟುಕೊಂಡಿತ್ತು. ಸಾವಿರ ಜನಕ್ಕೆ ಊಟ ಹಾಕುವ ಮನುಷ್ಯ. ಮನೆಯಲ್ಲಿ ಹತ್ತು ದಿನ ಅವರಿಗೆ ಕೊಟ್ಟದ್ದು ಗಂಜಿ, ಸಾರು, ಎರಡು ಬ್ರೆಡ್. ಅವರ ತಾಯಿ ನನ್ನ ಕೈ ಹಿಡಿದು, "ನಾನು ಒಂದು ಚೂರು ನಂಜು ಮುಟ್ಟಿಸಲಿಲ್ಲ ಸಿಸ್ಟರ್" ಅಂದರು. ಪ್ರೀತಿಯಿಂದ ಮಾಡಿದ ಪಥ್ಯ. ಏನು ಹೇಳುವುದು? ಮೀನು ತಿಂದರೆ ಕೀವಾಗುವುದಿಲ್ಲ. ಕೀವಾಗುವುದು ಗಾಯಕ್ಕೆ ಬ್ಯಾಕ್ಟೀರಿಯಾ ಸೇರಿದರೆ. ಒಂದು ಪದಾರ್ಥ ತಿಂದರೆ ನಿಮಗೆ ಮೊದಲಿನಿಂದಲೂ ಮೈ ತುರಿಸುತ್ತದೆ ಅಂದರೆ ಅದು ಅಲರ್ಜಿ, ಅದನ್ನು ಬಿಡಿ. ಮಿಕ್ಕದ್ದು ತಿನ್ನಿ.

ಎಷ್ಟು ಬೇಕು? ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ, ಒಂದು ಕಿಲೋ ತೂಕಕ್ಕೆ ಸುಮಾರು 1.2ರಿಂದ 1.5 ಗ್ರಾಂ ಲೆಕ್ಕ. 70 ಕಿಲೋ ಇರುವವರಿಗೆ ದಿನಕ್ಕೆ 85ರಿಂದ 105 ಗ್ರಾಂ. ಈಗ ನಮ್ಮ ಅಡುಗೆಮನೆಯ ಲೆಕ್ಕ ಮಾಡೋಣ. ಒಂದು ಇಡ್ಲಿಯಲ್ಲಿ ಹೆಚ್ಚೆಂದರೆ ಎರಡು ಗ್ರಾಂ. ಒಂದು ಮೊಟ್ಟೆಯಲ್ಲಿ ಆರು. ನೂರು ಗ್ರಾಂ ಬಂಗುಡೆಯಲ್ಲಿ ಹತ್ತೊಂಬತ್ತರ ಹತ್ತಿರ. ನೂರು ಗ್ರಾಂ ಪನೀರಿನಲ್ಲಿ ಹದಿನೆಂಟು. ಐವತ್ತು ಗ್ರಾಂ ಹೆಸರುಕಾಳಿನಲ್ಲಿ ಹನ್ನೆರಡು. ಸೋಯಾ ಚಂಕ್ಸ್ ಒಂದು ಹಿಡಿ, ಅಂದರೆ ಮೂವತ್ತು ಗ್ರಾಂ, ಅದರಲ್ಲಿ ಹದಿನೈದು. ಸಸ್ಯಾಹಾರಿಗಳಿಗೆ ಕಷ್ಟ, ಆದರೆ ಆಗುವುದಿಲ್ಲ ಅಂತಲ್ಲ. ಒಂದು ಸಲಕ್ಕೆ ಜಾಸ್ತಿ ತಿನ್ನಲು ಆಗದವರಿಗೆ ದಿನಕ್ಕೆ ಆರು ಸಲ ಕೊಡಿ. ತಟ್ಟೆಯಲ್ಲಿ ಕಾಳು, ಮೊಟ್ಟೆ, ಮೀನು ಮೊದಲು, ಅನ್ನ ಕೊನೆಗೆ. ಪ್ರೋಟೀನ್ ಪುಡಿ ಬೇಕಾದೀತು. ಡಾಕ್ಟರನ್ನು ಕೇಳಿ ತನ್ನಿ, ಅದು ಪೈಲ್ವಾನರಿಗೆ ಮಾತ್ರ ಅಲ್ಲ. ಇದನ್ನೆಲ್ಲ ಆಪರೇಷನ್‌ಗೆ ಒಂದೆರಡು ತಿಂಗಳು ಮೊದಲೇ ಶುರು ಮಾಡಬೇಕು. ಹೊಲಿಗೆ ಹಾಕಿದ ಮೇಲೆ ಓಡಾಡಿ ಪ್ರಯೋಜನ ಕಡಿಮೆ.

ಪಾಯಸ ಹಿಡಿದುಕೊಂಡು ನೋಡಲು ಬರುವವರಿಗೂ ಹೇಳಿಬಿಡಿ. ಕರುಳಿನ ಬೈಪಾಸ್ ಆದವರಿಗೆ ಸಿಹಿ ಒಮ್ಮೆಲೇ ಕರುಳಿಗೆ ಇಳಿದರೆ ಬೆವರು, ಎದೆ ಡವಡವ, ಹೊಟ್ಟೆ ನುಲಿತ ಎಲ್ಲ ಬರುತ್ತದೆ. ಹೊಟ್ಟೆಯಲ್ಲಿ ಹೊಸ ಹೊಲಿಗೆ ಇರುವಾಗ ವಾಂತಿ ಮಾಡಿಕೊಂಡರೆ ಹೇಗಿರುತ್ತದೆ ಅಂತ ಯೋಚಿಸಿ.

ಮಾತ್ರೆಗಳ ವಿಷಯ. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆ ಬಿಡಿ. ಕಬ್ಬಿಣದ ಮಾತ್ರೆಯ ಹಿಂದೆ ಮುಂದೆ ಕಾಫಿ, ಚಹಾ ಬೇಡ. ಕಾಫಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ, ಕಾಫಿಗೆ ಹೆಸರಾದ ಮಾಟುಂಗಾದಲ್ಲಿ ನಿಂತುಕೊಂಡು ಯಾರು ಹೇಳುತ್ತಾರೆ? ಒಂದೆರಡು ಗಂಟೆ ತಡಮಾಡಿ ಕುಡಿಯಿರಿ ಅಷ್ಟೆ. ನೋವಿನ ಮಾತ್ರೆ ಮಾತ್ರ ನಿಜವಾಗಿ ಗಂಭೀರ ವಿಷಯ. ಬೈಪಾಸ್ ಆದವರು ಐಬುಪ್ರೊಫೆನ್, ಡೈಕ್ಲೋಫೆನಾಕ್ ತರಹದ ಮಾತ್ರೆ ತಾವಾಗಿ ತೆಗೆದುಕೊಳ್ಳಬಾರದು. ಜಠರಕ್ಕೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು. ಕೆಳಗಿನ ಮೆಡಿಕಲ್ ಶಾಪಿನವರಿಗೆ ನಿಮ್ಮ ಬೈಪಾಸ್ ವಿಷಯ ಗೊತ್ತಿರುವುದಿಲ್ಲ, ಅಲ್ವಾ? ಹಾಗೇ ತೂಕದ ಇಂಜೆಕ್ಷನ್ ನಡೆಯುತ್ತಿದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ. ಆ ಔಷಧಿಯಲ್ಲಿ ಹೊಟ್ಟೆ ಖಾಲಿಯಾಗುವುದು ನಿಧಾನ. ರಾತ್ರಿಯಿಂದ ಉಪವಾಸ ಇದ್ದರೂ ಒಳಗೆ ಊಟ ಉಳಿದಿರಬಹುದು. ಮಂಪರಿನಲ್ಲಿ ಅದು ಶ್ವಾಸಕೋಶಕ್ಕೆ ಹೋದರೆ ಅಪಾಯ.

ಇನ್ನು ತಂಬಾಕು. ಸಿಗರೇಟು ಬಿಡಿ ಅಂದರೆ ಗಂಡಸರು ತಲೆ ಆಡಿಸುತ್ತಾರೆ, ಹೆಂಗಸರು ನಗುತ್ತಾರೆ. ಆದರೆ ಮಹಾರಾಷ್ಟ್ರದಲ್ಲಿ ಮಿಶ್ರಿ ಅಂತ ಒಂದಿದೆ. ಹುರಿದ ತಂಬಾಕಿನ ಪುಡಿ, ಅದರಲ್ಲಿ ಹಲ್ಲು ಉಜ್ಜುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಹೆಂಗಸರಲ್ಲೂ ಕೆಲವರಿಗೆ ಅಭ್ಯಾಸ ಇದೆ. ಅದನ್ನು ಯಾರೂ ತಂಬಾಕು ಅಂತ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು, ಗುಟ್ಕಾ, ನಶ್ಯ, ಎಲ್ಲದರಲ್ಲೂ ಇರುವುದು ನಿಕೋಟಿನ್. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಎಳೆದು ಹೊಲಿದ ಚರ್ಮದ ಅಂಚಿಗೆ ರಕ್ತ ಬರುವುದೇ ಕಷ್ಟ. ಅದೂ ನಿಂತರೆ ಅಂಚು ಕಪ್ಪಾಗಿ ಸಾಯುತ್ತದೆ. ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮೊದಲು, ನಾಲ್ಕು ವಾರ ಆಮೇಲೆ, ಯಾವ ರೂಪದಲ್ಲೂ ಬೇಡ.

ಸ್ವಲ್ಪ ದಾರಿ ತಪ್ಪಿ ಒಂದು ಕಥೆ ಹೇಳುತ್ತೇನೆ, ಪುಣೆಯದು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಎಂಬ ಪತ್ರಿಕೆಯಲ್ಲಿ ಚಿತ್ರದ ಜೊತೆ ಒಂದು ಕಾಗದ ಅಚ್ಚಾಯಿತು. ಕೌಸ್ಜಿ ಅಂತ ಒಬ್ಬ ಮರಾಠಿಗ, ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವವನು. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಅವನ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕೂರಿಸಿದ. ಆ ಚಿತ್ರ ನೋಡಿ ಯುರೋಪಿನ ಸರ್ಜನ್‌ಗಳು ಬೆರಗಾದರು. ನನಗೆ ಇಷ್ಟವಾದದ್ದು ಕತ್ತರಿಸಿದ ಕಥೆ ಅಲ್ಲ, ಆಮೇಲಿನದು. ರೋಗಿ ಐದಾರು ದಿನ ಅಂಗಾತ ಮಲಗಿರಬೇಕು. ಮೊದಲ ನಾಲ್ಕು ದಿನ ಕಾಚು ಕಲಸಿದ ಬಟ್ಟೆಯ ಪಟ್ಟಿ, ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಹಣೆಗೂ ಮೂಗಿಗೂ ನಡುವಿನ ಕೊಂಡಿಯನ್ನು ಕತ್ತರಿಸುವುದು ಸುಮಾರು ಇಪ್ಪತ್ತೈದನೇ ದಿನ. ಎಷ್ಟು ಶಿಸ್ತು ನೋಡಿ. ಹಾಗಂತ ಮನೆಗೆ ಹೋಗಿ ಹೊಲಿಗೆಗೆ ಕಾಚು ಹಚ್ಚಬೇಡಿ! ಅರಿಶಿನ, ತೆಂಗಿನೆಣ್ಣೆ, ಟಾಲ್ಕಂ ಪೌಡರ್, ಟೂತ್‌ಪೇಸ್ಟ್, ಇವೆಲ್ಲವನ್ನೂ ನಾನು ಗಾಯದಿಂದ ತೊಳೆದು ತೆಗೆದಿದ್ದೇನೆ.

ಮನೆಯ ತಯಾರಿ ಹೇಳುತ್ತೇನೆ. ಬಾಣಂತನ ಮಾಡಿದ ಮನೆಗೆ ಈ ಕೆಲಸ ಹೊಸದಲ್ಲ. ಒಂದು ಕೋಣೆ, ಹೊತ್ತು ಹೊತ್ತಿಗೆ ಊಟ, ಭಾರ ಎತ್ತಿಸದಿರುವುದು, ಬಂದು ಹೋಗುವವರಿಗೆ ಮಿತಿ, ಇದೆಲ್ಲ ನಮ್ಮ ಅಮ್ಮಂದಿರಿಗೆ ಗೊತ್ತು. ಆದರೆ ಬಾಣಂತನದ ಎರಡು ಕೆಲಸ ಇಲ್ಲಿ ಮಾಡಲೇಬಾರದು. ಒಂದು, ಸುಡುನೀರಿನ ಎರೆಯುವಿಕೆ. ಎರಡು, ಹೊಟ್ಟೆಗೆ ಸೀರೆ ಬಿಗಿಯುವುದು. ಆಸ್ಪತ್ರೆಯಲ್ಲಿ ಅಳತೆ ನೋಡಿ ಬಿಗಿ ಉಡುಪು ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಆರು ವಾರ ಹಾಕಬೇಕು. ಅದರ ಮೇಲೆ ಅಜ್ಜಿ ಹಳೆಯ ಕಾಟನ್ ಸೀರೆ ಸುತ್ತಿದರೆ ರಕ್ತ ಓಡಾಟ ನಿಲ್ಲುತ್ತದೆ. ಉಡುಪು ಎರಡು ಜೊತೆ ತರಿಸಿ. ಈ ಸೆಕೆಯಲ್ಲಿ ಒಂದನ್ನೇ ಹಾಕಿದರೆ ಮೈ ಕಜ್ಜಿಯಾಗುತ್ತದೆ. ಹಾಕುವಾಗ ನೆರಿಗೆ ಬೀಳದ ಹಾಗೆ ಕೈಯಾಡಿಸಿ ಸರಿ ಮಾಡಿ. ಒಂದು ನೆರಿಗೆ ಎರಡು ದಿನ ಒತ್ತಿದರೆ ಅಲ್ಲೇ ಗಾಯ.

ಹೊಟ್ಟೆಯ ಆಪರೇಷನ್ ಆದವರು ಮೊದಲ ಒಂದೆರಡು ವಾರ ನೆಟ್ಟಗೆ ನಿಲ್ಲಬಾರದು. ಬಾಗಿಯೇ ನಡೆಯಬೇಕು. ಮಲಗುವಾಗ ಬೆನ್ನಿಗೆ ದಿಂಬು, ಮೊಣಕಾಲಿನ ಕೆಳಗೆ ದಿಂಬು. ನೆಲದ ಮೇಲೆ ಕೂರುವ ಹಾಗಿಲ್ಲ. ಕುಕ್ಕರುಗಾಲಲ್ಲಿ ಕೂರುವ ಸಂಡಾಸು ಆಗುವುದಿಲ್ಲ. ಚಾಳಿನಲ್ಲಿ ಇರುವವರು ಇದನ್ನು ಮೊದಲೇ ಯೋಚಿಸಬೇಕು, ಕಮೋಡ್ ಕುರ್ಚಿ ಬಾಡಿಗೆಗೆ ಸಿಗುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿಯಾದರೆ ಮೊದಲ ವಾರ ಕೆಳಗಿರುವ ನೆಂಟರ ಮನೆ ಒಳ್ಳೆಯದು. ಆರು ವಾರ ನಾಲ್ಕೈದು ಕಿಲೋಗಿಂತ ಜಾಸ್ತಿ ಎತ್ತಬಾರದು. ಬೆಳಗ್ಗೆ ನೀರು ಬಂದಾಗ ಬಕೆಟ್ ಎತ್ತುವುದು, ತುಂಬಿದ ಕುಕ್ಕರ್ ಇಳಿಸುವುದು, ಮೊಮ್ಮಗನನ್ನು ಎತ್ತಿಕೊಳ್ಳುವುದು, ಎಲ್ಲ ಅದರಲ್ಲೇ ಬಂತು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಿರಿ.

ಡ್ರೈನ್ ನೋಡಿ ಹೆದರುವವರು ಬಹಳ. ಚರ್ಮದ ಕೆಳಗಿನಿಂದ ಒಂದು ಸಣ್ಣ ಟ್ಯೂಬ್ ಬಂದು ಮುಷ್ಟಿಯಷ್ಟು ದೊಡ್ಡ ಮೆತ್ತಗಿನ ಬಲ್ಬಿಗೆ ಸೇರಿರುತ್ತದೆ. ಒಳಗೆ ಸೇರುವ ನೀರು, ರಕ್ತ ಅದರಲ್ಲಿ ಬೀಳುತ್ತದೆ. ಖಾಲಿ ಮಾಡುವುದು ಹೀಗೆ. ಸೋಪಿನಿಂದ ಕೈ ತೊಳೆಯಿರಿ. ಬಲ್ಬಿನ ಮುಚ್ಚಳ ತೆಗೆದು ಅಳತೆಯ ಕಪ್ಪಿಗೆ ಬಗ್ಗಿಸಿ. ಬಾಯಿಯ ಒಳಭಾಗ ಮುಟ್ಟಬೇಡಿ. ಆಮೇಲೆ ಬಲ್ಬನ್ನು ಪೂರ್ತಿ ಅಮುಕಿ, ಅಮುಕಿಕೊಂಡೇ ಮುಚ್ಚಳ ಹಾಕಿ. ಇಲ್ಲೇ ಎಲ್ಲರೂ ತಪ್ಪುವುದು. ಅಮುಕದೆ ಮುಚ್ಚಿದರೆ ಅದು ಎಳೆಯುವುದಿಲ್ಲ, ಸುಮ್ನೆ ನೇತಾಡುತ್ತದೆ. ಕಪ್ಪನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎಷ್ಟು ಮಿಲಿ ನೋಡಿ, ಬಣ್ಣ ನೋಡಿ, ಹೊತ್ತು ಹಾಕಿ ಪುಸ್ತಕದಲ್ಲಿ ಬರೆಯಿರಿ. ಎರಡು ಡ್ರೈನ್ ಇದ್ದರೆ ಎರಡಕ್ಕೂ ಬೇರೆ ಬೇರೆ ಕಾಲಂ. ಮೊದಲು ಕೆಂಪು, ಆಮೇಲೆ ನಸುಗೆಂಪು, ಕೊನೆಗೆ ಹುಲ್ಲಿನ ಹಳದಿ, ಹೀಗೆ ತಿಳಿಯಾಗುತ್ತಾ ಹೋಗಬೇಕು. ದಿನಕ್ಕೆ 30 ಮಿಲಿಗಿಂತ ಕಡಿಮೆ ಆಗಿ ಒಂದೆರಡು ದಿನ ಹಾಗೇ ಉಳಿದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ನಮ್ಮ ಒಬ್ಬ ರೋಗಿಯ ಗಂಡ, ಬ್ಯಾಂಕಿನಲ್ಲಿ ಇದ್ದವರು, ಲೆಡ್ಜರ್ ತರಹ ಬರೆದು ತಂದಿದ್ದರು. ಸರ್ಜನ್ ಅದನ್ನೇ ನೋಡಿ ತೀರ್ಮಾನ ಮಾಡಿದರು. ಡ್ರೈನ್ ತೆಗೆದ ಮೇಲೂ ಒಳಗೆ ನೀರು ಕೂಡಬಹುದು. ಹೊಟ್ಟೆ ಮುಟ್ಟಿದರೆ ಅಲೆ ಓಡಿದ ಹಾಗೆ ಅನ್ನಿಸುತ್ತದೆ. ಸೂಜಿಯಿಂದ ತೆಗೆಯುತ್ತಾರೆ, ಗಾಬರಿ ಬೇಡ.

ಬಿಸಿನೀರಿನ ಚೀಲದ ಬಗ್ಗೆ ಬೇರೆಯಾಗಿ ಹೇಳಬೇಕು. ಆಪರೇಷನ್ ಆದ ಜಾಗ ತಿಂಗಳುಗಟ್ಟಲೆ ಜೋಮು ಹಿಡಿದಿರುತ್ತದೆ. ಮುಟ್ಟಿದರೆ ಗೊತ್ತಾಗುವುದಿಲ್ಲ. ಸುಟ್ಟರೂ ಗೊತ್ತಾಗುವುದಿಲ್ಲ. ಬಿಗಿ ಇದೆ ಅಂತ ಶಾಖ ಕೊಟ್ಟು, ಚೀಲ ತೆಗೆದಾಗ ಬೊಬ್ಬೆ ಎದ್ದಿರುತ್ತದೆ. ಐಸ್ ಕೂಡ ಹಾಗೇ. ಎರಡೂ ಬೇಡ.

ಅಷ್ಟೆಲ್ಲ ಹುಷಾರು ಅಂದೆ, ಅದಕ್ಕೆ ಮಲಗಿಸಿಯೇ ಬಿಡಬೇಡಿ. ದೊಡ್ಡ ಆಪರೇಷನ್ ಆಗಿ ಕಾಲು ಆಡಿಸದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಅದಕ್ಕೇ ನಾವು ಅದೇ ಸಂಜೆ ಅಥವಾ ಮಾರನೇ ಬೆಳಗ್ಗೆ ಎಬ್ಬಿಸಿ ನಡೆಸುತ್ತೇವೆ. ಮನೆಯಲ್ಲೂ ಎರಡು ಗಂಟೆಗೊಮ್ಮೆ ಹಾಲ್‌ನಿಂದ ಅಡುಗೆಮನೆಗೆ ನಡೆಯಲಿ. ಮಲಗಿರುವಾಗ ಪಾದ ಮೇಲೆ ಕೆಳಗೆ ಆಡಿಸಲಿ. ಹೆಪ್ಪು ತಡೆಯುವ ಇಂಜೆಕ್ಷನ್ ಬರೆದಿದ್ದರೆ ಒಂದು ದಿನವೂ ತಪ್ಪಿಸಬೇಡಿ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಆವತ್ತೇ ಆಸ್ಪತ್ರೆಗೆ. ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಸರ್ಜನ್ನಿಗೆ ವಾಟ್ಸಾಪ್ ಮಾಡಿ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮೊದಲ ಎರಡು ದಿನದಲ್ಲಿ ಒಂದು ಪಕ್ಕ ಮಾತ್ರ ಊದಿ ಗಟ್ಟಿಯಾದರೆ, ಡ್ರೈನಿನಲ್ಲಿ ಒಮ್ಮೆಲೇ ಕೆಂಪು ರಕ್ತ ತುಂಬಿದರೆ, ಅದೂ ತುರ್ತೇ. 100.4 ಡಿಗ್ರಿ ದಾಟಿದ ಜ್ವರ, ಹರಡುತ್ತಿರುವ ಕೆಂಪು, ಕೆಟ್ಟ ವಾಸನೆಯ ಸೋರಿಕೆ, ಕಪ್ಪಾಗುತ್ತಿರುವ ಅಂಚು, ಇವಕ್ಕೂ ಅದೇ ದಿನ ತೋರಿಸಿ.

ಗಾಯ ಅಲ್ಲಲ್ಲಿ ಸ್ವಲ್ಪ ಬಿಟ್ಟುಕೊಳ್ಳುವುದು ಈ ಆಪರೇಷನ್‌ನಲ್ಲಿ ಅಪರೂಪ ಅಲ್ಲ. ಎರಡು ಹೊಲಿಗೆ ಸೇರುವ ಮೂಲೆ, ಕಂಕುಳು, ತೊಡೆಸಂದು, ಅಲ್ಲೇ ಜಾಸ್ತಿ. ಹೆಚ್ಚಿನವು ಡ್ರೆಸಿಂಗ್‌ನಲ್ಲೇ ಮಾಯುತ್ತವೆ. ಮೂರು ತಿಂಗಳಿಗೆ ಹೊಲಿಗೆಯ ಜಾಗ ಮೊದಲಿನ ಚರ್ಮದ ಸುಮಾರು 80 ಭಾಗ ಗಟ್ಟಿಯಾಗುತ್ತದೆ. ಪೂರ್ತಿ ನೂರು ಯಾವತ್ತೂ ಆಗುವುದಿಲ್ಲ. ಕಲೆ ಆರು ತಿಂಗಳು ಕೆಂಪಾಗಿ, ಕಪ್ಪಾಗಿ ಕಾಣುತ್ತದೆ. ತಿಳಿಯಾಗಲು ವರ್ಷ, ಒಂದೂವರೆ ವರ್ಷ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಜೆಲ್ ಅಥವಾ ಪಟ್ಟಿ ಕೊಡುತ್ತಾರೆ, ತಿಂಗಳುಗಟ್ಟಲೆ ಬಿಡದೆ ಹಚ್ಚಬೇಕು. ನಮ್ಮ ಬಣ್ಣದ ಚರ್ಮಕ್ಕೆ ಗಂಟುಕಲೆ ಬರುವುದು ಜಾಸ್ತಿ. ಉಬ್ಬಿ ತುರಿಸಲು ಶುರುವಾದರೆ ಬೇಗ ತೋರಿಸಿ, ಬೇಗ ಬಂದರೆ ಇಂಜೆಕ್ಷನ್‌ನಲ್ಲಿ ತಗ್ಗಿಸಬಹುದು.

ಎರಡನೇ ವಾರ ಅಳು ಬರುತ್ತದೆ. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಮೈಯೆಲ್ಲ ಊದಿರುತ್ತದೆ, ನಿದ್ದೆ ಇಲ್ಲ, ಮಲಬದ್ಧತೆ, ಕನ್ನಡಿಯಲ್ಲಿ ನೀಲಿ ಹಳದಿ ಕಲೆ. ತೂಕದ ಮಷಿನ್ ಹತ್ತಿದರೆ ಕಡಿಮೆ ಆಗುವ ಬದಲು ಎರಡು ಕಿಲೋ ಜಾಸ್ತಿ. ಅದು ನೀರು, ಕೊಬ್ಬಲ್ಲ. ಆದರೆ ವರ್ಷಗಟ್ಟಲೆ ಆ ಮಷಿನ್ ನೋಡಿಕೊಂಡೇ ಬದುಕಿದವರಿಗೆ ಅದು ಎದೆಗೆ ಇರಿಯುತ್ತದೆ. ಗಾಬರಿಯಾಗಿ ಊಟ ಬಿಡುತ್ತಾರೆ. ಊಟ ಬಿಟ್ಟರೆ ಗಾಯ ಮಾಯುವುದು ನಿಲ್ಲುತ್ತದೆ. ಆ ಮಷಿನನ್ನು ಒಂದೆರಡು ತಿಂಗಳು ಮಾಳಿಗೆಯ ಮೇಲೆ ಹಾಕಿಬಿಡಿ. "ಇಷ್ಟು ದುಡ್ಡು ಕೊಟ್ಟು ಇದೇನು" ಅಂತ ನೋಡಲು ಬಂದವರು ಯಾರಾದರೂ ಬಾಯಿ ತೆಗೆದರೆ ಅವರಿಗೆ ಚಹಾ ಕೊಟ್ಟು ಬೇಗ ಕಳಿಸಿ.

ಹಿಂದಿನ ಸಾಲಿನಿಂದ ಒಬ್ಬ ಅಣ್ಣ ಕೇಳುತ್ತಿದ್ದಾರೆ, ಹೆಂಡತಿಗೆ ಮುಂದಿನ ತಿಂಗಳು ಆಪರೇಷನ್, ಅದಾಗಿ ಮೂರನೇ ವಾರಕ್ಕೆ ಊರಿನಲ್ಲಿ ತಮ್ಮನ ಮದುವೆ, ಮತ್ಸ್ಯಗಂಧ ರೈಲಿನಲ್ಲಿ ಕರೆದುಕೊಂಡು ಹೋಗಬಹುದಾ ಅಂತ. ಬೇಡ ಅಣ್ಣ. ರಾತ್ರಿಯಿಡೀ ಕಾಲು ಮಡಚಿ ಕೂತು ಹೋಗುವುದು, ಮದುವೆ ಮನೆಯ ಓಡಾಟ, ಅಲ್ಲಿ ಗಾಯಕ್ಕೆ ಏನಾದರೂ ಆದರೆ ನೋಡುವ ಸರ್ಜನ್ ಇಲ್ಲಿ. ಆಪರೇಷನ್ ಡೇಟನ್ನೇ ಮದುವೆ ಆದ ಮೇಲಕ್ಕೆ ಹಾಕಿಸಿ, ಅವಸರ ಏನೂ ಇಲ್ಲ. ಆಮೇಲೂ ಊರಿಗೆ ಹೋಗುವುದು ಆರು ವಾರ ಕಳೆದು, ಡಾಕ್ಟರು ಹೂಂ ಅಂದ ಮೇಲೆ. ಲೋವರ್ ಬರ್ತ್ ತೆಗೆಸಿ, ಎಚ್ಚರ ಇರುವಾಗ ಗಂಟೆಗೊಮ್ಮೆ ಎಬ್ಬಿಸಿ ನಡೆಸಿ, ನೀರು ಕುಡಿಸಿ. ಮತ್ತೆ ಬ್ಯಾಗುಗಳನ್ನು ನೀವೇ ಹೊರಿ.